ಸಂಭಾವನೆಯನ್ನು ತಿಂಗಳಿಂದ ಭಾಗಿಸಿ: ಕನ್ನಡದಲ್ಲಿ ಸಿನಿಮಾ ನಿರ್ದೇಶಕರಾಗುವ ದಾರಿ, ಸಿಗುವ ದುಡ್ಡು

ಗಾಂಧಿನಗರಕ್ಕೆ ಬರುವ ಹೊಸಬರು ಮೊದಲು ಕೇಳುವುದು ಒಂದೇ ಪ್ರಶ್ನೆ: ಒಂದು ಸಿನಿಮಾಕ್ಕೆ ಡೈರೆಕ್ಟರ್‌ಗೆ ಎಷ್ಟು ಕೊಡ್ತಾರೆ? ಪೇಪರಿನಲ್ಲಿ ಬರುವ ಕೋಟಿಗಳ ಲೆಕ್ಕ ದೊಡ್ಡ ಹಿಟ್ ಕೊಟ್ಟ ಬೆರಳೆಣಿಕೆಯ ಮಂದಿಯದು. ಅದರಲ್ಲೂ ಬಹುಪಾಲು ಊಹೆ; ಒಪ್ಪಂದ ಪತ್ರವನ್ನು ಯಾರೂ ವರದಿಗಾರರ ಕೈಗೆ ಕೊಡುವುದಿಲ್ಲ. ಮಿಕ್ಕವರು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಎಷ್ಟು ದುಡ್ಡು, ಎಷ್ಟು ತಿಂಗಳಿಗೆ?

ಲೆಕ್ಕ ಹಾಕಿ ನೋಡೋಣ. ಮೊದಲ ಚಿತ್ರಕ್ಕೆ 5 ಲಕ್ಷಕ್ಕೆ ಮಾತಾಗಿದೆ ಅಂದುಕೊಳ್ಳಿ. ಸಣ್ಣ ಬಜೆಟ್ಟಿನಲ್ಲಿ ಇದು ಕೆಟ್ಟ ಮೊತ್ತವೇನಲ್ಲ. ಒಂದೆರಡು ಲಕ್ಷಕ್ಕೆ, ಕೆಲವೊಮ್ಮೆ ಪುಕ್ಕಟೆಯಾಗಿ ಮೊದಲ ಸಿನಿಮಾ ಮಾಡಿಕೊಟ್ಟವರು ಬೇಕಾದಷ್ಟಿದ್ದಾರೆ. ಕಥೆ, ಚಿತ್ರಕಥೆಗೆ 8 ತಿಂಗಳು. ಪ್ರೀ-ಪ್ರೊಡಕ್ಷನ್‌ಗೆ 3. ನಲವತ್ತೈದು ದಿನದ ಶೂಟಿಂಗ್ ಮೂರು ಶೆಡ್ಯೂಲಿಗೆ ಹಂಚಿಹೋಗಿ 4. ಎಡಿಟಿಂಗ್, ಡಬ್ಬಿಂಗ್, ಆರ್‌ಆರ್ (ಹಿನ್ನೆಲೆ ಸಂಗೀತ), ಡಿಐ (ಬಣ್ಣ ತಿದ್ದುವುದು) ಎಲ್ಲ ಸೇರಿ 5. ಬಿಡುಗಡೆಗೆ ಕಾಯುವುದು 4. ಒಟ್ಟು 24 ತಿಂಗಳು, ತಿಂಗಳಿಗೆ ಬಿದ್ದದ್ದು 20,833 ರೂಪಾಯಿ. ಅದೇ ಚಿತ್ರ 12 ತಿಂಗಳಲ್ಲಿ ಮುಗಿದಿದ್ದರೆ 41,666. ಹೊಸಬರಿಗೆ ಸಂಭಾವನೆ ಏರಿಸಿಕೊಳ್ಳುವ ಶಕ್ತಿ ಇರುವುದಿಲ್ಲ, ತಿಂಗಳು ಇಳಿಸಿಕೊಳ್ಳುವ ಶಕ್ತಿ ಇರುತ್ತದೆ. ಮುಂದೆ ಹೇಳುವುದೆಲ್ಲ ಬಹುಮಟ್ಟಿಗೆ ಇದರ ಸುತ್ತಲೇ ಇದೆ: ಕೆಲಸ ಕಲಿಯುವುದು, ಬರೆಯುವುದು, ಒಪ್ಪಂದಕ್ಕೆ ಸಹಿ ಹಾಕುವುದು.

ದುಡ್ಡು ಯಾವ ಬಾಗಿಲಿನಿಂದ ಬರುತ್ತದೆ

‘ಕಥೆ, ಚಿತ್ರಕಥೆ, ಸಂಭಾಷಣೆ, ನಿರ್ದೇಶನ’ ಎಂದು ಒಂದೇ ಹೆಸರು ಬರುವ ಟೈಟಲ್ ಕಾರ್ಡ್ ನೋಡಿರುತ್ತೀರಿ. ಅದು ನಾಲ್ಕು ಕೆಲಸ. ಹೊಸಬರು ನಾಲ್ಕಕ್ಕೂ ಸೇರಿಸಿ ಒಂದೇ ಮೊತ್ತ ಬರೆಸಿ ಸಹಿ ಹಾಕುತ್ತಾರೆ. ಏನು ಕಳೆದುಕೊಂಡೆವು ಎಂಬುದು ಆವತ್ತು ತಿಳಿಯುವುದಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಸಿನಿಮಾದ ಕರ್ತೃ ಎಂದರೆ ನಿರ್ಮಾಪಕ. ನಿರ್ದೇಶನ ಮಾಡಿದ ಮಾತ್ರಕ್ಕೆ ಸಿನಿಮಾದ ಮೇಲೆ ಕೃತಿಸ್ವಾಮ್ಯ ಬರುವುದಿಲ್ಲ. ಟೀವಿಯಲ್ಲಿ ನೂರು ಸಲ ಹಾಕಿದರೂ ನಿರ್ದೇಶನದ ಲೆಕ್ಕದಲ್ಲಿ ಬಿಡಿಗಾಸು ಸೇರುವುದಿಲ್ಲ. ಅಮೆರಿಕದಲ್ಲಿ ನಿರ್ದೇಶಕರ ಗಿಲ್ಡ್ ಕನಿಷ್ಠ ಸಂಭಾವನೆಯನ್ನೂ ಮರುಬಳಕೆಯ ಪಾಲನ್ನೂ ನಿಗದಿ ಮಾಡಿಸಿಕೊಂಡಿದೆ. ನಮ್ಮಲ್ಲಿ ಎಲ್ಲವೂ ನೀವು ಕೂತು ಮಾತಾಡಿದಷ್ಟೇ.

ಬರೆದವರ ಪಾಡು ಇದಕ್ಕಿಂತ ಒಳ್ಳೆಯದು. 2012ರ ತಿದ್ದುಪಡಿಯಾದ ಮೇಲೆ ಚಿತ್ರಕಥೆ, ಸಂಭಾಷಣೆ, ಹಾಡಿನ ಸಾಹಿತ್ಯ ಬರೆದವರಿಗೆ ಚಿತ್ರಮಂದಿರದಾಚೆಗಿನ ಬಳಕೆಯ ರಾಯಧನದಲ್ಲಿ ಪಾಲಿದೆ. ಆ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ಅದು ಊರ್ಜಿತವಾಗುವುದಿಲ್ಲ. ವಸೂಲಿ ಸಲೀಸೆಂದು ತಿಳಿಯಬೇಡಿ. ಆದರೆ ಹಕ್ಕು ನಿಮ್ಮ ಹೆಸರಲ್ಲಿ ಇರಬೇಕಾದರೆ ಬರವಣಿಗೆಗೆ ಒಂದು ಒಪ್ಪಂದ, ನಿರ್ದೇಶನಕ್ಕೆ ಇನ್ನೊಂದು ಎಂದು ಬೇರೆ ಬೇರೆ ಮಾಡಿಸಿ. ಒಟ್ಟು ಮೊತ್ತ ಅಷ್ಟೇ ಆದರೂ ಸರಿ. ರೀಮೇಕ್ ಹಕ್ಕು ಮಾರಾಟವಾದಾಗ, ಸಿನಿಮಾ ಅರ್ಧಕ್ಕೆ ನಿಂತು ಕಥೆ ವಾಪಸ್ ಬೇಕಾದಾಗ ಬರವಣಿಗೆಯ ಈ ಬೇರೆ ಕಾಗದವೇ ಕೈಹಿಡಿಯುವುದು.

ಸಿನಿಮಾದ ನಡುವಿನ ಖಾಲಿ ತಿಂಗಳುಗಳನ್ನು ತುಂಬಿಸುವುದು ಧಾರಾವಾಹಿ ಮತ್ತು ಜಾಹೀರಾತು. ಧಾರಾವಾಹಿಯಲ್ಲಿ ಲೆಕ್ಕ ಸಂಚಿಕೆಗೆ ಇಷ್ಟು ಎಂದು. ಅರ್ಧ ಗಂಟೆಯ ಸ್ಲಾಟ್‌ಗೆ ಇಪ್ಪತ್ತು ಚಿಲ್ಲರೆ ನಿಮಿಷದ ಕಂಟೆಂಟ್, ವಾರಕ್ಕೆ ಐದರಿಂದ ಏಳು ಸಂಚಿಕೆ. ಪ್ರಧಾನ ನಿರ್ದೇಶಕರ ಕೈಕೆಳಗೆ ಸಂಚಿಕೆ ನಿರ್ದೇಶಕರು ಇರುತ್ತಾರೆ. ಹೊಸಬರಿಗೆ ಬಾಗಿಲು ತೆರೆಯುವುದು ಅಲ್ಲಿ. ಬ್ಯಾಂಕಿಂಗ್ ಕಡಿಮೆಯಾಯಿತೆಂದರೆ, ಅಂದರೆ ಮುಂದಿನ ಪ್ರಸಾರಕ್ಕೆ ಸಿದ್ಧವಾಗಿರುವ ಸಂಚಿಕೆಗಳು ಎರಡೋ ಮೂರೋ ಉಳಿದವೆಂದರೆ, ರಾತ್ರಿ ಹತ್ತಾದರೂ ಪ್ಯಾಕಪ್ ಇಲ್ಲ. ದುಡ್ಡು ಮಾತ್ರ ಸಿನಿಮಾಕ್ಕಿಂತ ನಿಯತ್ತಾಗಿ ಬರುತ್ತದೆ. ಜಾಹೀರಾತಿನಲ್ಲಿ ದಿನದ ಲೆಕ್ಕ. ಎರಡು ದಿನದ ಶೂಟ್ ಕೆಲವೊಮ್ಮೆ ಒಂದು ತಿಂಗಳ ಬಾಡಿಗೆ ಕಳೆಯುತ್ತದೆ.

ಪ್ರಶಸ್ತಿಯ ದುಡ್ಡನ್ನು ಆದಾಯವೆಂದು ಎಣಿಸುವಂತಿಲ್ಲ. 70ನೇ ರಾಷ್ಟ್ರೀಯ ಪ್ರಶಸ್ತಿಯಿಂದ ಸ್ವರ್ಣ ಕಮಲಕ್ಕೆ 3 ಲಕ್ಷ, ರಜತ ಕಮಲಕ್ಕೆ 2 ಲಕ್ಷ. ರಾಜ್ಯ ಸರ್ಕಾರದ ಸಬ್ಸಿಡಿ ಹೋಗುವುದು ನಿರ್ಮಾಪಕರ ಖಾತೆಗೆ. ‘ಸಬ್ಸಿಡಿ ಬಂದಮೇಲೆ ನಿಮ್ಮ ಬಾಕಿ ಕೊಡ್ತೀನಿ’ ಎಂಬ ಮಾತಿಗೆ ಒಪ್ಪಿಕೊಂಡವರು ವರ್ಷಗಟ್ಟಲೆ ಕಾದಿದ್ದಾರೆ.

ಕೆಲಸ ಕಲಿಯುವುದೆಲ್ಲಿ

ಎರಡು ಹಳೆಯ ದಾರಿಗಳು ಈಗಲೂ ಇವೆ. ಒಂದು ಸಿನಿಮಾ ಶಾಲೆ. ಪುಣೆಯ ಎಫ್‌ಟಿಐಐ (1960), ಕೋಲ್ಕತ್ತದ ಸತ್ಯಜಿತ್ ರೇ ಸಂಸ್ಥೆ (1995) ಎರಡರಲ್ಲೂ ನಿರ್ದೇಶನದ ಕೋರ್ಸ್ ಮೂರು ವರ್ಷದ್ದು. ಯಾವುದೇ ಪದವಿ ಇದ್ದರೆ ಪ್ರವೇಶ ಪರೀಕ್ಷೆ ಬರೆಯಬಹುದು. ಗಿರೀಶ್ ಕಾಸರವಳ್ಳಿ ಪುಣೆಯಲ್ಲಿ ಕಲಿತು ಬಂದವರು. ಹೆಸರಘಟ್ಟದ ಸರ್ಕಾರಿ ಫಿಲ್ಮ್ ಮತ್ತು ಟಿವಿ ಸಂಸ್ಥೆ ಕ್ಯಾಮೆರಾ, ಧ್ವನಿಗ್ರಹಣಕ್ಕೆ ಹೆಸರುವಾಸಿ. ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರದ ಒಂದು ವರ್ಷದ ಕೋರ್ಸ್ ಸಿನಿಮಾದ್ದಲ್ಲ, ಆದರೂ ನಟರ ಜೊತೆ ಕೆಲಸ ಮಾಡುವುದನ್ನು ಅಷ್ಟು ಚೆನ್ನಾಗಿ ಕಲಿಸುವ ಜಾಗ ಇನ್ನೊಂದು ಸಿಗುವುದು ಕಷ್ಟ. ಹೊಸ ನಿರ್ದೇಶಕರಲ್ಲಿ ಹೆಚ್ಚಿನವರಿಗೆ ಲೆನ್ಸ್ ಗೊತ್ತಿರುತ್ತದೆ, ನಟನಿಗೆ ಏನು ಹೇಳಬೇಕೆಂದು ಗೊತ್ತಿರುವುದಿಲ್ಲ.

ಇನ್ನೊಂದು ದಾರಿ ಗರಡಿ. ಪುಟ್ಟಣ್ಣ ಕಣಗಾಲ್ ಬಿ.ಆರ್. ಪಂತುಲು ಅವರ ಬಳಿ, ಉಪೇಂದ್ರ ಕಾಶೀನಾಥ್ ಅವರ ಬಳಿ ಪಳಗಿದ್ದು ಹೀಗೆ. ಅಸಿಸ್ಟೆಂಟ್, ಅಸೋಸಿಯೇಟ್, ಕೋ-ಡೈರೆಕ್ಟರ್ ಎಂಬ ಮೆಟ್ಟಿಲುಗಳಿವೆ. ಹೊಸ ಅಸಿಸ್ಟೆಂಟ್‌ಗೆ ತಿಂಗಳಿಗೆ ಹತ್ತು-ಹದಿನೈದು ಸಾವಿರ ಸಿಕ್ಕರೆ ಪುಣ್ಯ. ಎಷ್ಟೋ ಕಡೆ ಶೂಟಿಂಗ್ ದಿನದ ಬಾಟಾ (ದಿನಭತ್ಯೆ), ಊಟ, ಅಷ್ಟೇ.

ಸೇರಿಕೊಳ್ಳುವುದಕ್ಕೆ ಒಂದು ಹೊತ್ತಿದೆ. ಶೂಟಿಂಗ್ ಸ್ಪಾಟಿಗೆ ಹೋಗಿ ನಿಂತರೆ ಯಾರಿಗೂ ನಿಮ್ಮ ಮುಖ ನೋಡಲು ಪುರುಸೊತ್ತಿರುವುದಿಲ್ಲ. ಹೊಸ ಚಿತ್ರಕ್ಕೆ ಆಫೀಸ್ ಓಪನ್ ಆಗಿ ಸ್ಕ್ರಿಪ್ಟ್ ಕೆಲಸ ನಡೆಯುವಾಗ ಹೋಗಿ. ಆಗ ಕೈಗಳು ಬೇಕಾಗಿರುತ್ತವೆ, ಕೆಲಸವೂ ನಿಧಾನವಾಗಿ ನಡೆಯುತ್ತಿರುತ್ತದೆ. ಮಾತಾಡಬೇಕಾದದ್ದು ಕೋ-ಡೈರೆಕ್ಟರ್ ಹತ್ತಿರ. ತಂಡ ಕಟ್ಟುವುದು ಸಾಮಾನ್ಯವಾಗಿ ಅವರೇ. ನಿಮ್ಮ ಕಥೆಯ ಸುದ್ದಿ ಎತ್ತಬೇಡಿ. ಕನ್ನಡದಲ್ಲಿ ವೇಗವಾಗಿ ಟೈಪ್ ಮಾಡುತ್ತೇನೆ, ಎಕ್ಸೆಲ್‌ನಲ್ಲಿ ಶೆಡ್ಯೂಲ್ ಹಾಕುತ್ತೇನೆ, ಕಾರು ಓಡಿಸುತ್ತೇನೆ ಎಂದು ಹೇಳಿ.

ಟೈಪಿಂಗ್ ವಿಷಯ ತಮಾಷೆಗೆ ಹೇಳಿದ್ದಲ್ಲ. ಎಷ್ಟೋ ಆಫೀಸುಗಳಲ್ಲಿ ಇಂದಿಗೂ ಹಳೆಯ ನುಡಿ, ಬರಹ ಫಾಂಟುಗಳ ಫೈಲುಗಳು ಓಡಾಡುತ್ತವೆ. ಅವನ್ನು ಆ ಫಾಂಟ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ತೆರೆದರೆ ಸಂಭಾಷಣೆಯೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಬೆಳಿಗ್ಗೆ ಆರಕ್ಕೆ ಸಕಲೇಶಪುರದ ಲಾಡ್ಜಿನಲ್ಲಿ ಪ್ರಿಂಟ್ ತೆಗೆಯಲು ಹೋಗಿ ಇದಾದರೆ ಅರ್ಧ ದಿನ ಮಣ್ಣುಪಾಲು. ಸ್ಕ್ರಿಪ್ಟನ್ನು ಮೊದಲ ದಿನವೇ ಯೂನಿಕೋಡ್‌ಗೆ ಬದಲಿಸಿ, ಪರಿವರ್ತನೆಯಲ್ಲಿ ಎಗರಿಹೋದ ಒತ್ತಕ್ಷರಗಳನ್ನು ತಿದ್ದಿ, ಒಂದು ಪಿಡಿಎಫ್ ಮಾಡಿಟ್ಟ ಅಸಿಸ್ಟೆಂಟನ್ನು ಯಾರೂ ಬಿಟ್ಟುಕೊಡುವುದಿಲ್ಲ.

ಸೆಟ್ಟಿನಲ್ಲಿ ಮೊದಲು ಕೈಗೆ ಬರುವುದು ಕ್ಲಾಪ್ ಬೋರ್ಡ್, ಆಮೇಲೆ ಪ್ರಾಂಪ್ಟಿಂಗ್ (ನಟರಿಗೆ ಮಾತು ಹೇಳಿಕೊಡುವುದು), ಆಮೇಲೆ ಕಂಟಿನ್ಯುಟಿ, ಅಂದರೆ ಒಂದು ಶಾಟಿನಿಂದ ಇನ್ನೊಂದಕ್ಕೆ ಬಟ್ಟೆ, ವಸ್ತು ಬದಲಾಗದಂತೆ ನೋಡಿಕೊಳ್ಳುವುದು. ಕಂಟಿನ್ಯುಟಿಯನ್ನು ನೆನಪಿಗೆ ಬಿಡಬೇಡಿ. ಪ್ರತಿ ಶಾಟ್ ಕಟ್ ಆದ ಕೂಡಲೇ ನಟರ ಫೋಟೋ ಎರಡು: ಮುಂದಿನಿಂದ ಒಂದು, ಕೈಯಲ್ಲಿರುವ ವಸ್ತು ಕಾಣುವ ಹಾಗೆ ಒಂದು. ಫೋಟೋಗೆ ಸೀನ್ ನಂಬರ್, ಶಾಟ್ ನಂಬರ್ ಹೆಸರಿಡಿ. ತಪ್ಪುಗಳು ಎದ್ದು ಕಾಣುವ ಜಾಗಗಳು ಯಾವಾಗಲೂ ಅವೇ: ಮಡಚಿದ ತೋಳು, ಕೈಗಡಿಯಾರ, ಕಾಫಿ ಲೋಟದ ಮಟ್ಟ, ಗಾಯದ ಪಟ್ಟಿ ಯಾವ ಕೈಗೆ ಎಂಬುದು. ಎರಡನೇ ಶೆಡ್ಯೂಲ್ ಎರಡು ತಿಂಗಳ ಮೇಲೆ ಶುರುವಾದಾಗ ಹೀರೋ ಗಡ್ಡ ಬೋಳಿಸಿಕೊಂಡು ಬಂದಿರುತ್ತಾನೆ. ಅದನ್ನು ಮೊದಲೇ ಫೋನ್ ಮಾಡಿ ತಡೆಯುವುದೂ ಇದೇ ಕೆಲಸದ ಭಾಗ.

ಎರಡು ಸಿನಿಮಾ, ಅದರಲ್ಲಿ ಒಂದಾದರೂ ಕಥೆಯಿಂದ ಫಸ್ಟ್ ಕಾಪಿವರೆಗೆ (ಎಲ್ಲ ಮುಗಿದ ಮೊದಲ ಪ್ರತಿ), ಅಷ್ಟು ಸಾಕು. ಆರು ಸಿನಿಮಾಗಳ ಶೂಟಿಂಗ್ ಮಾತ್ರ ನೋಡಿ ಎಡಿಟಿಂಗ್ ಟೇಬಲ್ಲಿನ ಪಕ್ಕ ಒಂದು ದಿನವೂ ಕೂರದವರಿಗೆ, ಯಾವ ಶಾಟ್ ದಂಡವಾಯಿತು ಎಂಬುದು ಕೊನೆಗೂ ತಿಳಿದಿರುವುದಿಲ್ಲ. ‘ನಿರ್ದೇಶಕರ ಚಾನ್ಸ್ ಕೊಡಿಸ್ತೀವಿ, ಇಷ್ಟು ಲಕ್ಷ ಹಾಕಿ’ ಎನ್ನುವ ಕರೆ ಬಂದರೆ ಎದ್ದು ಬನ್ನಿ. ಕೆಲಸಕ್ಕೆ ದುಡ್ಡು ಕೊಡಬೇಕಾದವರು ಅವರು, ನೀವಲ್ಲ.

ಹತ್ತು ನಿಮಿಷದ ಚಿತ್ರ

ನಿರ್ಮಾಪಕರಿಗೆ ತೋರಿಸಲು ಏನಾದರೂ ಬೇಕೇ ಬೇಕು. ಕಿರುಚಿತ್ರ ಹತ್ತು ನಿಮಿಷ ಮೀರದಿರಲಿ. ಎರಡು ಪಾತ್ರ, ಒಂದು ಜಾಗ, ಎರಡು ದಿನ. ಹನ್ನೆರಡು ಜನರ ತಂಡಕ್ಕೆ 60 ಸಾವಿರ ಇಟ್ಟುಕೊಂಡರೆ ಹಂಚಿಕೆ ಸುಮಾರಾಗಿ ಹೀಗಾಗಬಹುದು: ಊಟ-ತಿಂಡಿ ತಲೆಗೆ ದಿನಕ್ಕೆ 400ರಂತೆ 9,600, ಕ್ಯಾಮೆರಾ, ಲೆನ್ಸ್ ಬಾಡಿಗೆ 12,000, ಲೈಟು 8,000, ಸೌಂಡ್ ರೆಕಾರ್ಡಿಸ್ಟ್ ಮತ್ತು ಅವರ ಕಿಟ್ 10,000, ಓಡಾಟ 6,000, ಬಟ್ಟೆ, ಸಾಮಾನು 4,000, ಎಡಿಟಿಂಗ್, ಕಲರ್, ಮಿಕ್ಸಿಂಗ್ 10,000. ನಾಲ್ಕು ನೂರು ಉಳಿಯುತ್ತದೆ, ಅದು ಪೆನ್‌ಡ್ರೈವ್‌ಗೆ.

ಎಲ್ಲರೂ ಕತ್ತರಿ ಹಾಕುವುದು ಸೌಂಡಿಗೆ, ಕಿರುಚಿತ್ರ ಕೆಡುವುದೂ ಅಲ್ಲೇ. ಚಿತ್ರ ಸ್ವಲ್ಪ ಮಂಕಾದರೆ ನೋಡುವವರು ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎರಡನೇ ನಿಮಿಷಕ್ಕೆ ಎದ್ದುಬಿಡುತ್ತಾರೆ. ಜಾಗ ನೋಡಲು ಹೋದಾಗ ಕಣ್ಣು ಮುಚ್ಚಿ ಐದು ನಿಮಿಷ ನಿಲ್ಲಿ. ಬೋರ್‌ವೆಲ್ ಮೋಟಾರು, ಪಕ್ಕದ ಶಾಲೆಯ ಗಂಟೆ, ಫ್ರಿಜ್ಜಿನ ಸದ್ದು ಆಗ ಕೇಳಿಸುತ್ತದೆ. ಪ್ರತಿ ಜಾಗದಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷ ಖಾಲಿ ಮೌನ ರೆಕಾರ್ಡ್ ಮಾಡಿಕೊಳ್ಳಿ. ಮಾತುಗಳ ನಡುವೆ ತೇಪೆ ಹಾಕಲು ಎಡಿಟರ್‌ಗೆ ಅದೇ ಬೇಕು.

ಬರೆಯುವಾಗಲೇ ತಿಂಗಳು ಉಳಿಸುವುದು

ಎರಡು ಕಾಲು ಗಂಟೆ, ಅಂದರೆ 135 ನಿಮಿಷದ ಸಿನಿಮಾವನ್ನು 45 ದಿನದಲ್ಲಿ ತೆಗೆಯುವುದೆಂದರೆ ದಿನಕ್ಕೆ ಮೂರು ನಿಮಿಷ. ಕೇಳಲು ಸುಲಭ. ಈಗ ಅದರಲ್ಲಿ ನಾಲ್ಕು ಹಾಡು, ಮೂರು ಫೈಟು ಸೇರಿಸಿ. ಒಂದೊಂದಕ್ಕೆ ಮೂರು ದಿನದಂತೆ 21 ದಿನ ಹೋಯಿತು, ತೆರೆಯ ಮೇಲೆ ಸಿಕ್ಕಿದ್ದು ಸುಮಾರು 26 ನಿಮಿಷ. ಮಿಕ್ಕ 109 ನಿಮಿಷಕ್ಕೆ ಉಳಿದದ್ದು 24 ದಿನ, ದಿನಕ್ಕೆ ನಾಲ್ಕೂವರೆ ನಿಮಿಷ. ಹೊಸಬರ ಶೂಟಿಂಗ್ 45ರಿಂದ 60 ದಿನಕ್ಕೆ ಜಾರುವುದು ಈ ಲೆಕ್ಕವನ್ನು ಕಾಗದದ ಮೇಲೆ ಹಾಕದೆ ಹೋಗುವುದರಿಂದ.

ಒಂದು ದೃಶ್ಯ ತೆಗೆದುಕೊಳ್ಳಿ. ‘ದೃಶ್ಯ 34. ಹೊರಾಂಗಣ. ತಿಪಟೂರು ಬಸ್ ನಿಲ್ದಾಣ. ಮುಸ್ಸಂಜೆ. ಮಳೆ ಹನಿಯುತ್ತಿದೆ. ಮಗಳು ಬಸ್ಸಿನಿಂದ ಇಳಿಯುತ್ತಾಳೆ. ಸ್ಕೂಟರ್ ಪಕ್ಕ ಅಪ್ಪ ನಿಂತಿದ್ದಾನೆ.’ ಬರೆಯಲು ನಾಲ್ಕು ಸಾಲು, ತೆರೆಯ ಮೇಲೆ ಒಂದು ನಿಮಿಷ. ಕಾಲ್‌ಶೀಟ್ (ದಿನದ ಶೂಟಿಂಗ್ ಪಟ್ಟಿ) ಹಾಕಲು ಕೂತಾಗ ಬೇಕಾಗುವುದು: ನಿಲ್ದಾಣಕ್ಕೆ ಸಾರಿಗೆ ಸಂಸ್ಥೆಯ ಅನುಮತಿ, ಒಂದು ಬಸ್ಸು ಮತ್ತು ಚಾಲಕ, ಜನ ನಿಭಾಯಿಸಲು ಪೊಲೀಸರು, ಮೂವತ್ತು ಜೂನಿಯರ್ ಆರ್ಟಿಸ್ಟುಗಳು, ಮಳೆಗೆ ಟ್ಯಾಂಕರ್. ಇದಕ್ಕೆಲ್ಲ ಮೇಲಾಗಿ, ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಉಪಯೋಗಕ್ಕೆ ಬರುವ ಬೆಳಕು ಇರುವುದು ಇಪ್ಪತ್ತು ನಿಮಿಷ. ಅಷ್ಟರಲ್ಲಿ ಮೂರು-ನಾಲ್ಕು ಶಾಟ್. ಒಮ್ಮೆ ಬಟ್ಟೆ ನೆನೆದ ಮೇಲೆ ಮತ್ತೊಂದು ಟೇಕಿಗೆ ಒಣ ಬಟ್ಟೆ ಬೇಕು. ಹಾಗಾಗಿ ಎರಡು ಸಂಜೆ, ಮೂರು ಜೊತೆ ಬಟ್ಟೆ.

ಅದನ್ನೇ ಹೀಗೆ ಬರೆದರೆ? ‘ರಾತ್ರಿ. ಊರಾಚೆಯ ಕೋರಿಕೆ ನಿಲುಗಡೆ. ಸ್ಕೂಟರಿನ ಮೇಲೆ ಕೂತ ಅಪ್ಪನ ಮುಖದ ಮೇಲೆ ಹೆಡ್‌ಲೈಟ್ ಹರಿದು ಹೋಗುತ್ತದೆ. ಬ್ರೇಕಿನ ಸದ್ದು, ಬಾಗಿಲು ಬಡಿದ ಸದ್ದು, ರೈಟ್ ಎಂಬ ಕೂಗು. ಕತ್ತಲಿನಿಂದ ಮಗಳು ಬ್ಯಾಗ್ ಹಿಡಿದು ಬೆಳಕಿಗೆ ಬರುತ್ತಾಳೆ.’ ಬಸ್ಸೇ ಬೇಡ. ಟ್ರ್ಯಾಲಿಯ ಮೇಲೆ ಎರಡು ಲೈಟು ಸಾಕು, ಸದ್ದನ್ನು ಆಮೇಲೆ ಹಾಕಿಕೊಳ್ಳಬಹುದು. ಒಂದೇ ರಾತ್ರಿಯಲ್ಲಿ ಇದರ ಜೊತೆ ಇನ್ನೆರಡು ದೃಶ್ಯ ಮುಗಿಯುತ್ತದೆ. ಅಪ್ಪ ಕಾಯುತ್ತಿದ್ದಾನೆ ಎಂಬುದು ಮೊದಲಿಗಿಂತ ಚೆನ್ನಾಗಿಯೇ ಮುಟ್ಟುತ್ತದೆ. ಬರೆದ ಎಲ್ಲ ದೃಶ್ಯಗಳನ್ನೂ ಒಂದು ಸಲ ಹೀಗೆ ಸೋಸಿ. ಎಂಬತ್ತು ದೃಶ್ಯಗಳಲ್ಲಿ ಹತ್ತು ಹೀಗೆ ಬದಲಾದರೂ ಒಂದು ಶೆಡ್ಯೂಲೇ ಚಿಕ್ಕದಾಗುತ್ತದೆ.

ಒಂದು ಪುಟಕ್ಕೆ ಒಂದು ನಿಮಿಷ ಎಂಬ ಇಂಗ್ಲಿಷ್ ಸ್ಕ್ರಿಪ್ಟಿನ ಅಳತೆ ಕನ್ನಡಕ್ಕೆ ಕೂಡುವುದಿಲ್ಲ, ಅದರಲ್ಲೂ ಎಡಕ್ಕೆ ಕ್ರಿಯೆ, ಬಲಕ್ಕೆ ಮಾತು ಎಂದು ಎರಡು ಕಾಲಂನಲ್ಲಿ ಬರೆಯುವವರಿಗೆ. ಸ್ಟಾಪ್‌ವಾಚ್ ಇಟ್ಟುಕೊಂಡು ಗಟ್ಟಿಯಾಗಿ ಓದಿ, ನಡೆದಾಟವನ್ನು ನಡೆದೇ ನೋಡಿ, ಪ್ರತಿ ದೃಶ್ಯದ ಮೂಲೆಯಲ್ಲಿ ಸೆಕೆಂಡು ಬರೆಯಿರಿ. ಮೂರು ಗಂಟೆಯ ಸಿನಿಮಾ ಶೂಟ್ ಮಾಡಿ ನಲವತ್ತು ನಿಮಿಷ ಕತ್ತರಿಸಿದರೆ ಹತ್ತು ದಿನದ ಖರ್ಚನ್ನು ಬಿಸಾಡಿದ ಹಾಗೆ.

ಕೆಲವು ಸಾಲುಗಳು ಬರೆಯುವಾಗಲೇ ಕಾನೂನನ್ನು ಕರೆತರುತ್ತವೆ. ಮಕ್ಕಳ ಪಾತ್ರ ಇದ್ದರೆ ಶೂಟಿಂಗ್‌ಗೆ ಜಿಲ್ಲಾ ಮ್ಯಾಜಿಸ್ಟ್ರೇಟರ ಅನುಮತಿ ಬೇಕು. ಮಗುವಿನ ಕೆಲಸ ದಿನಕ್ಕೆ ಐದು ಗಂಟೆ ಮೀರುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆಗಿಂತ ಹೆಚ್ಚಿಲ್ಲ, ಒಂದೇ ಸಮನೆ 27 ದಿನ ದಾಟುವಂತಿಲ್ಲ, ದುಡಿಮೆಯ ಕನಿಷ್ಠ ಶೇ. 20 ಮಗುವಿನ ಹೆಸರಲ್ಲಿ ಬ್ಯಾಂಕಿನಲ್ಲಿ ಠೇವಣಿಯಾಗಬೇಕು. ಹಸು, ನಾಯಿ, ಕುದುರೆ ಬಂದರೆ ಪ್ರಾಣಿ ಕಲ್ಯಾಣ ಮಂಡಳಿಯ ಅನುಮತಿ. ಅದಿಲ್ಲದಿದ್ದರೆ ಸೆನ್ಸಾರ್‌ನಲ್ಲಿ ಚಿತ್ರ ನಿಲ್ಲುತ್ತದೆ. ಪಾತ್ರ ಸಿಗರೇಟು ಹಚ್ಚಿತೆಂದರೆ ಸಿನಿಮಾದ ಆರಂಭದಲ್ಲೂ ನಡುವೆಯೂ 30 ಸೆಕೆಂಡಿನ ತಂಬಾಕು ವಿರೋಧಿ ತುಣುಕು, ದೃಶ್ಯ ನಡೆಯುವಷ್ಟು ಹೊತ್ತು ಕೆಳಗೆ ಎಚ್ಚರಿಕೆಯ ಸಾಲು. ಹಂಪಿ, ಬಾದಾಮಿಯ ಸಂರಕ್ಷಿತ ಸ್ಮಾರಕಗಳಿಗೆ ಪುರಾತತ್ವ ಇಲಾಖೆ. ಪಾತ್ರವೊಂದು ಹಳೆಯ ಸಿನಿಮಾ ಹಾಡು ಗುನುಗುವುದು ಬಹಳ ಚೆಂದ, ಆದರೆ ಆ ಹಾಡು ಯಾವುದೋ ಆಡಿಯೋ ಕಂಪನಿಯದು. ಬೆಲೆ ಕೇಳದೆ ಶೂಟ್ ಮಾಡಬೇಡಿ. 2024ರ ಹೊಸ ನಿಯಮಗಳಿಂದ ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳು ನೋಡಬಹುದಾದ ಯುಎ ವರ್ಗ 7+, 13+, 16+ ಎಂದು ಮೂರಾಗಿದೆ. ನಿಮ್ಮ ಕಥೆ ಯಾವುದಕ್ಕೆ ಬೀಳುತ್ತದೆ ಎಂಬುದು ನಿರ್ಮಾಪಕರಿಗೆ ಮೊದಲೇ ಗೊತ್ತಿರಲಿ.

ಕಥೆ ಹೇಳುವುದು

ನಮ್ಮಲ್ಲಿ ಸ್ಕ್ರಿಪ್ಟ್ ಓದುವವರು ಕಡಿಮೆ, ಕೇಳುವವರು ಜಾಸ್ತಿ. ಹಾಗಾಗಿ ಮೂರು ಅಳತೆಯಲ್ಲಿ ಕಥೆ ಸಿದ್ಧವಿರಬೇಕು: ಕಾರಿನ ಬಾಗಿಲು ತೆಗೆಯುವಷ್ಟರಲ್ಲಿ ಹೇಳಲು ಎರಡು ಸಾಲು, ನಿರ್ಮಾಪಕರಿಗೆ ಇಪ್ಪತ್ತು ನಿಮಿಷ, ನಟರಿಗೆ ಎರಡು ಗಂಟೆ. ಇಪ್ಪತ್ತು ನಿಮಿಷದಲ್ಲಿ ಇಂಟರ್ವಲ್ ಎಲ್ಲಿ ಬೀಳುತ್ತದೆ ಎಂದು ಹೇಳದಿದ್ದರೆ ಅವರೇ ಕೇಳುತ್ತಾರೆ. ಬಿಜಿಎಂ, ಅಂದರೆ ಹಿನ್ನೆಲೆ ಸಂಗೀತವನ್ನು ಬಾಯಲ್ಲಿ ನುಡಿಸುವ ಚಾಳಿ ಇದ್ದರೆ ಬಿಡಿ. ಅದರ ಬದಲು ಒಂದು ಪುಟದ ಕಾಗದ ಒಯ್ಯಿರಿ: ಎಷ್ಟು ದಿನ, ಎಷ್ಟು ಲೊಕೇಶನ್, ಎಷ್ಟು ರಾತ್ರಿ ಶೂಟ್, ಎಷ್ಟು ಮುಖ್ಯ ಪಾತ್ರ. ಕಥೆ ಚೆನ್ನಾಗಿ ಹೇಳುವ ಹೊಸಬರು ನೂರಿದ್ದಾರೆ; ದಿನದ ಲೆಕ್ಕ ಹಿಡಿದು ಬರುವವರು ಅಪರೂಪ, ದುಡ್ಡು ಹಾಕುವವರಿಗೆ ಅದು ತಕ್ಷಣ ಕಾಣುತ್ತದೆ.

ಹೇಳುವ ಮೊದಲು ಚಿತ್ರಕಥೆಯನ್ನು ನೋಂದಾಯಿಸಿ. ಕೃತಿಸ್ವಾಮ್ಯ ಕಚೇರಿಯಲ್ಲಿ ಸಾಹಿತ್ಯ ಕೃತಿಗೆ ಶುಲ್ಕ 500 ರೂಪಾಯಿ, ಅರ್ಜಿ ಆನ್‌ಲೈನ್. ಆಕ್ಷೇಪಣೆಗೆ 30 ದಿನ ಕಾಯುತ್ತಾರೆ. ಎರಡು ಸಾಲಿನ ಐಡಿಯಾಕ್ಕೆ ರಕ್ಷಣೆ ಸಿಗುವುದಿಲ್ಲ, ಬರೆದ ರೂಪಕ್ಕೆ ಸಿಗುತ್ತದೆ; ಆದ್ದರಿಂದ ಪೂರ್ತಿ ಬರೆದದ್ದನ್ನೇ ಕೊಡಿ. ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ಟೈಟಲ್ ರಿಜಿಸ್ಟರ್ ಆಗುವುದು ನಿರ್ಮಾಪಕರ ಬ್ಯಾನರ್ ಹೆಸರಲ್ಲಿ. ಟೈಟಲ್ ಸಿಕ್ಕಿತೆಂದು ಕಥೆ ಭದ್ರವಾಯಿತು ಎಂದುಕೊಳ್ಳಬೇಡಿ. ಬ್ಯಾನರ್ ಬಿಟ್ಟು ಹೊರಬಂದರೆ ಟೈಟಲ್ ಅಲ್ಲೇ ಉಳಿಯುತ್ತದೆ.

ನಿರ್ಮಾಪಕರೇ ಸಿಗದಿದ್ದಾಗ ಜನರಿಂದ ಹಣ ಎತ್ತಿದ್ದೂ ಉಂಟು. 2013ರ ‘ಲೂಸಿಯಾ’ಕ್ಕೆ ಪವನ್ ಕುಮಾರ್ ಪ್ರೇಕ್ಷಕರಿಂದಲೇ ಸುಮಾರು 50 ಲಕ್ಷ ಕೂಡಿಸಿದ್ದರು. ಲಾಭ ಕೊಡುತ್ತೇವೆಂದು ಹತ್ತಾರು ಜನರಿಂದ ದುಡ್ಡು ಪಡೆಯುವುದಕ್ಕೆ ಕಾನೂನಿನ ಕಟ್ಟುಪಾಡುಗಳಿವೆ, ಮೊದಲು ಸಿಎ ಒಬ್ಬರನ್ನು ಕೇಳಿ. ದುಡ್ಡು ಹಾಕಿದವರಿಗೆ ಪ್ರತಿ ತಿಂಗಳು ಲೆಕ್ಕ ಕಳಿಸುವುದೇ ಅರ್ಧ ಕೆಲಸವಾಗುತ್ತದೆ ಎಂಬುದೂ ತಲೆಯಲ್ಲಿರಲಿ.

ಸಹಿ ಹಾಕುವ ಮುನ್ನ

ಐದು ಲಕ್ಷವೋ ಐವತ್ತೋ, ಕಂತು ಹೀಗೆ ಕೇಳಿ: ಸಹಿ ಹಾಕಿದ ದಿನ ಶೇ. 20, ಚಿತ್ರಕಥೆ ಒಪ್ಪಿಸಿದಾಗ 20, ಮುಹೂರ್ತದ ಹಿಂದಿನ ದಿನ 20, ಕುಂಬಳಕಾಯಿ ಒಡೆದ ದಿನ (ಶೂಟಿಂಗ್ ಮುಗಿದ ದಿನ) 20, ಡಬ್ಬಿಂಗ್ ಮುಗಿದಾಗ 10, ಫಸ್ಟ್ ಕಾಪಿ ಬಂದಾಗ 10. ನಿರ್ಮಾಪಕರ ಕಡೆಯಿಂದ ಬರುವ ಕರಡಿನಲ್ಲಿ ಕೊನೆಯ ಕಂತು ‘ಬಿಡುಗಡೆಯ ನಂತರ’ ಎಂದಿರುತ್ತದೆ, ಅದೂ ಬಹಳ ಸಲ ಶೇ. 30-40. ಈ ಒಂದು ಪದಕ್ಕೆ ಜಗಳ ಮಾಡಿ. ಫೈನಾನ್ಸಿಯರ್ ಬಡ್ಡಿ, ಹಬ್ಬದ ವಾರ, ದೊಡ್ಡ ಹೀರೋ ಸಿನಿಮಾ, ಥಿಯೇಟರ್ ಸಿಗದಿರುವುದು, ಯಾವುದೂ ನಿಮ್ಮ ಕೈಯಲ್ಲಿಲ್ಲ. ಫಸ್ಟ್ ಕಾಪಿ ನಿಮ್ಮ ಕೈಯಲ್ಲಿದೆ.

ತಿಂಗಳನ್ನು ಕಾಗದದ ಮೇಲೆ ತನ್ನಿ. ‘ಈ ಸಂಭಾವನೆ ಸಹಿ ಹಾಕಿದ ದಿನದಿಂದ 14 ತಿಂಗಳ ಕೆಲಸಕ್ಕೆ, ನಿರ್ದೇಶಕರ ತಪ್ಪಿಲ್ಲದೆ ಅದು ದಾಟಿದರೆ ತಿಂಗಳಿಗೆ ಇಂತಿಷ್ಟು’ ಎಂದು ಒಂದು ಸಾಲು. ಹೆಚ್ಚಿನವರು ಮೊದಲು ನಗುತ್ತಾರೆ. ಮೊತ್ತ ಹದಿನೈದು ಸಾವಿರಕ್ಕೆ ಇಳಿದರೂ ಪರವಾಗಿಲ್ಲ, ಆ ಸಾಲು ಇದ್ದರೆ ಸಿನಿಮಾ ಮೂಲೆಗೆ ಬೀಳುವುದಿಲ್ಲ. ಅದಕ್ಕೂ ಒಪ್ಪದಿದ್ದರೆ, 14 ತಿಂಗಳ ಮೇಲೆ ಬೇರೆ ಕೆಲಸ ಒಪ್ಪಿಕೊಳ್ಳುವ ಸ್ವಾತಂತ್ರ್ಯವನ್ನಾದರೂ ಬರೆಸಿ.

ಬರವಣಿಗೆಯ ಒಪ್ಪಂದದಲ್ಲಿ ಯಾವ ಹಕ್ಕು, ಎಷ್ಟು ವರ್ಷ, ಯಾವ ಪ್ರದೇಶ ಎಂಬುದು ಬಿಡಿಬಿಡಿಯಾಗಿ ಇರಲಿ. ಅವಧಿ ಬರೆಯದಿದ್ದರೆ ಕಾಯ್ದೆಯ ಪ್ರಕಾರ ಐದು ವರ್ಷ, ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಕೊಟ್ಟ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ ಅದು ವಾಪಸ್ ನಿಮಗೇ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ. ಅದಕ್ಕೇ ಛಾಪಾ ಕಾಗದಗಳಲ್ಲಿ ‘ಶಾಶ್ವತವಾಗಿ, ವಿಶ್ವದಾದ್ಯಂತ’ ಎಂಬ ಪದಗಳು ತಪ್ಪದೆ ಇರುತ್ತವೆ. ಸಿನಿಮಾಕ್ಕೆ ಒಪ್ಪಿ, ರೀಮೇಕ್, ವೆಬ್ ಸರಣಿ, ಎರಡನೇ ಭಾಗಕ್ಕೆ ಬೇರೆ ಬೆಲೆ ಎಂದು ಹೊಡೆದು ಬರೆಸಿ.

‘ನಿವ್ವಳ ಲಾಭದಲ್ಲಿ ಶೇ. 10’ ಕೇಳಲು ಸೊಗಸು. ಬಡ್ಡಿ, ಪ್ರಚಾರ, ಪ್ರಿಂಟು, ಕಮಿಷನ್ ಎಲ್ಲ ಕಳೆದ ಮೇಲೆ ಲಾಭವೆಂಬುದು ಕಾಣುವುದೇ ಅಪರೂಪ, ಆ ಲೆಕ್ಕದ ಪುಸ್ತಕವೂ ನಿಮ್ಮ ಬಳಿ ಇರುವುದಿಲ್ಲ. ಅದರ ಬದಲು ಸ್ಯಾಟಲೈಟ್ (ಟೀವಿ), ಓಟಿಟಿ, ಡಬ್ಬಿಂಗ್ ಹಕ್ಕು ಇಷ್ಟಕ್ಕಿಂತ ಹೆಚ್ಚಿಗೆ ಮಾರಾಟವಾದರೆ ಇಂತಿಷ್ಟು ಲಕ್ಷ ಎಂದು ನಿಗದಿತ ಮೊತ್ತ ಕೇಳಿ. ಮಾರಾಟಕ್ಕೆ ಪತ್ರ ಇರುತ್ತದೆ, ಲಾಭಕ್ಕೆ ಬಾಯಿಮಾತು.

ನಿರ್ದೇಶಕರ ಸಂಘದ ಸದಸ್ಯತ್ವ ಪಡೆಯಿರಿ. ಬಾಕಿ ತಕರಾರು ಬಂದಾಗ ಸಂಘ, ಮಂಡಳಿಯ ಹಿರಿಯರು ಕೂತು ಮಾತಾಡುತ್ತಾರೆ. ಆದರೆ ಅವರ ಮುಂದೆ ಇಡಲು ಸಹಿಯಾದ ಕಾಗದ ಬೇಕು, ವಾಟ್ಸಾಪ್ ವಾಯ್ಸ್ ನೋಟ್ ಸಾಲದು.

ತೆರಿಗೆ ಚಿಕ್ಕ ವಿಷಯ, ಆದರೆ ಮರೆಯುವವರು ಬಹಳ. ಕಂತು ಕೊಡುವಾಗ ಶೇ. 10 ಟಿಡಿಎಸ್ (ಮೂಲದಲ್ಲೇ ಕಡಿಯುವ ತೆರಿಗೆ) ಹಿಡಿಯುತ್ತಾರೆ. ಐದು ಲಕ್ಷಕ್ಕೆ ಅದು 50 ಸಾವಿರ. ನಿಮ್ಮ ವರ್ಷದ ಆದಾಯ ತೆರಿಗೆ ಬೀಳುವ ಮಟ್ಟಕ್ಕಿಂತ ಕೆಳಗಿದ್ದರೆ ರಿಟರ್ನ್ ಹಾಕಿದಾಗ ಪೂರ್ತಿ ವಾಪಸ್. ಹಿಡಿದ ಹಣವನ್ನು ನಿಮ್ಮ ಪ್ಯಾನ್‌ಗೆ ಕಟ್ಟಿದ್ದಾರೋ ಇಲ್ಲವೋ ಎಂದು ಆದಾಯ ತೆರಿಗೆ ಪೋರ್ಟಲ್ಲಿನ ತೆರಿಗೆ ಪಟ್ಟಿ 26ಎಎಸ್‌ನಲ್ಲಿ ಮೂರು ತಿಂಗಳಿಗೊಮ್ಮೆ ನೋಡಿ. ಕಂಪನಿ ಬಾಗಿಲು ಹಾಕಿದ ಮೇಲೆ ನೋಡಿದರೆ ಏನೂ ಮಾಡಲಾಗದು. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ಶೇ. 18. ಒಪ್ಪಂದದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಎಂದಿಲ್ಲದಿದ್ದರೆ ಆ ಹದಿನೆಂಟು ನಿಮ್ಮ ಜೇಬಿನಿಂದ.

ಕೊನೆಯ ಕಂತು

ಫಸ್ಟ್ ಕಾಪಿ ಎಂದರೆ ಏನೆಂದು ಒಪ್ಪಂದದಲ್ಲೇ ಬಿಡಿಸಿ ಬರೆದಿರಬೇಕು: ಕಲರ್, ಮಿಕ್ಸಿಂಗ್ ಮುಗಿದು ಟೈಟಲ್ ಕಾರ್ಡ್ ಸೇರಿದ ಡಿಸಿಪಿ, ಅಂದರೆ ಥಿಯೇಟರಿನಲ್ಲಿ ಹಾಕುವ ಡಿಜಿಟಲ್ ಪ್ರತಿ. ಇಲ್ಲವಾದರೆ ಒಂದು ಸಬ್‌ಟೈಟಲ್ ತಪ್ಪಿಗೂ ‘ಇನ್ನೂ ಮುಗಿದಿಲ್ಲವಲ್ಲ’ ಎನ್ನುತ್ತಾರೆ. ಡಿಸಿಪಿಯನ್ನು ಸ್ಟುಡಿಯೋದಲ್ಲಿ ಮಾತ್ರ ನೋಡಿ ತೃಪ್ತಿಪಡಬೇಡಿ; ಬೆಳಗಿನ ಆಟಕ್ಕೆ ಮುಂಚೆ ಒಂದು ಮಲ್ಟಿಪ್ಲೆಕ್ಸ್ ಪರದೆಯಲ್ಲಿ, ಒಂದು ಹಳೆಯ ಸಿಂಗಲ್ ಸ್ಕ್ರೀನ್‌ನಲ್ಲಿ ಎರಡು ರೀಲಿನಷ್ಟಾದರೂ ಹಾಕಿಸಿ. ರಾತ್ರಿ ದೃಶ್ಯಗಳು ಹಳೆಯ ಪ್ರೊಜೆಕ್ಟರ್‌ನಲ್ಲಿ ಕಪ್ಪಾಗಿ ನುಂಗಿಹೋಗುವುದು, ಪಿಸುಮಾತು ಕೇಳಿಸದಿರುವುದು ಅಲ್ಲೇ ಗೊತ್ತಾಗುತ್ತದೆ. ತಿದ್ದುವುದಿದ್ದರೆ ಆ ವಾರವೇ ತಿದ್ದಿಸಿ.

ಹಾರ್ಡ್ ಡಿಸ್ಕ್ ಒಪ್ಪಿಸುವಾಗ ಏನೇನು ಕೊಟ್ಟಿರಿ ಎಂದು ಪಟ್ಟಿ ಮಾಡಿ ಎರಡು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಬಾಕಿ ಶೇ. 10ಕ್ಕೆ ಇನ್‌ವಾಯ್ಸ್ ಅದೇ ಟೇಬಲ್ಲಿನ ಮೇಲೆ, ಅದೇ ದಿನ ಇಡಿ. ಮರುದಿನದಿಂದ ಆ ಆಫೀಸಿನಲ್ಲಿ ಎಲ್ಲರೂ ಪೋಸ್ಟರ್ ಡಿಸೈನ್, ಥಿಯೇಟರ್ ಪಟ್ಟಿಯಲ್ಲಿ ಮುಳುಗಿರುತ್ತಾರೆ. ನಿಮ್ಮ ಫೋನ್ ಎತ್ತುವವರು ಸಿಗುವುದಿಲ್ಲ.